ಮಗು ಯಾರ ಸುಪರ್ದಿಗೆ?

ಕಲಬುರಗಿಯಿಂದ ಹುಮನಾಬಾದಿನ ಹಾದಿ ಹಿಡಿದು, ಮಹಾಗಾಂವವನ್ನು ಹಿಂದಿಕ್ಕಿ ಸುಮಾರು 35 ಕಿಲೋಮೀಟರು ಹೋದರೆ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಕಲಬುರಗಿ ತಾಲ್ಲೂಕಿನ ಒಂದು ಹೋಬಳಿಯಾಗಿದ್ದದ್ದು ಈಚೆಗೆ ತಾನೇ ತಾಲ್ಲೂಕಾಗಿದೆ. ಬಸ್ಸಿನಲ್ಲಿ ಒಂದು ಗಂಟೆಯ ಪ್ರಯಾಣ. 2017ರಲ್ಲಿ ಬೀದರ-ಕಲಬುರಗಿ ಮಾರ್ಗ ತೆರೆದ ಮೇಲೆ ರೈಲೂ ಉಂಟು. ಇಷ್ಟು ಸಮೀಪದ ಎರಡು ಊರುಗಳ ನಡುವೆ ಒಂದು ಮಗು ವರ್ಷಗಟ್ಟಲೆ ಕಳೆದುಹೋಗಬಲ್ಲದು ಎಂದರೆ ತಾವು ಒಪ್ಪಲಿಕ್ಕಿಲ್ಲ.

ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ಹೆಸರುಗಳು ಬೇಡ. ಗಂಡ ಕಲಬುರಗಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಹೆಂಡತಿ ಕಮಲಾಪುರದವಳು; ತವರಿಗೆ ಮರಳಿ ಅಲ್ಲಿಯೇ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಮಗನಿಗೆ ಏಳು ವರ್ಷ. ಇಬ್ಬರೂ ಕೆಟ್ಟವರಲ್ಲ, ಕೂಡಿ ಬಾಳಲಾರದವರು, ಅಷ್ಟೆ. ನ್ಯಾಯಾಲಯ ಮಗುವನ್ನು ತಾಯಿಯ ಬಳಿ ಇರಿಸಿದೆ. ತಿಂಗಳ ಎರಡನೆಯ ಮತ್ತು ನಾಲ್ಕನೆಯ ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ತಂದೆ ಕರೆದೊಯ್ಯಬಹುದೆಂದು ಆದೇಶಿಸಿದೆ. ಮೊದಲ ಭಾನುವಾರ ಮಗುವಿಗೆ ಜ್ವರ. ಅದರ ಮುಂದಿನದು ನೆಂಟರ ಮದುವೆ. ಮೂರನೆಯ ಸಲ ತಂದೆಯೇ ಬರಲಿಲ್ಲ. ಮಗ ಬೆಳಗಿನಿಂದ ಹೊಸ ಅಂಗಿ ತೊಟ್ಟು ಕುಳಿತಿದ್ದ. ನಾಲ್ಕನೆಯ ಸಲ ಬಂದಾಗ ಬಾಗಿಲಲ್ಲಿ ಹುಡುಗನ ಮುತ್ಯಾ ನಿಂತು, "ಹುಡುಗ ಬರಂಗಿಲ್ಲ ಅಂತಾನ್ರಿ" ಎಂದ. ಅಳಿಯನಿಗೆ ಸಲ್ಲುವ 'ರೀ' ಇನ್ನೂ ಉಳಿದಿತ್ತು, ಉಳಿದದ್ದು ಅದೊಂದೇ. ಆ ತಿಂಗಳ ಜೀವನಾಂಶದ ಹಣ ಕಮಲಾಪುರಕ್ಕೆ ಹೋಗಲಿಲ್ಲ. ಮುಂದಿನ ಕಥೆಯನ್ನು ಯಾವ ವಕೀಲನಾದರೂ ಕಣ್ಣು ಮುಚ್ಚಿ ಹೇಳಿಯಾನು.

ನನ್ನ ಇಂದಿನ ಮಾತು ಆ ಬಾಗಿಲಿನ ಬಳಿಯದು. ಮಗು ಯಾರ ಬಳಿ ಇರಬೇಕೆಂಬ ಜಗಳವನ್ನು ಎಲ್ಲರೂ ಆಡುತ್ತಾರೆ. ಮಗು ಯಾರ ಬಳಿ ಇಲ್ಲವೋ ಅವರಿಗೆ ಉಳಿಯುವುದೇನು, ಹಾಗೆ ಉಳಿದದ್ದು ನಿಜವಾಗಿ ಯಾರ ಹಕ್ಕು ಎಂಬುದನ್ನು ಕೇಳುವವರು ಕಡಿಮೆ.

ಮೊದಲು ಮಾತುಗಳನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ಪಾಲಕತ್ವ ಬೇರೆ, ಸುಪರ್ದಿ ಬೇರೆ, ಭೇಟಿ ಬೇರೆ. ಮಗುವಿನ ಆಸ್ತಿ, ವಿದ್ಯೆ, ಚಿಕಿತ್ಸೆ ಮುಂತಾದ ದೊಡ್ಡ ವಿಷಯಗಳಲ್ಲಿ ಅದರ ಪರವಾಗಿ ನಿರ್ಧರಿಸುವ ಅಧಿಕಾರ ಪಾಲಕತ್ವ. ದಿನದಿನದ ಊಟ, ನಿದ್ದೆ, ಶಾಲೆಯ ಚೀಲ ಇವುಗಳ ಹೊಣೆ ಸುಪರ್ದಿ. ಈ 'ಸುಪರ್ದಿ' ಎಂಬುದು ನಮ್ಮ ಕಡೆಯ ಕಚೇರಿಗಳಲ್ಲಿ ನಿಜಾಮರ ಕಾಲದಿಂದ ಉಳಿದು ಬಂದ ಮಾತು. ಜಪ್ತಿಯಾದ ಬಂಡಿಗೂ ಸಲ್ಲುತ್ತದೆ, ಬಂಗಾರದ ಸರಕ್ಕೂ ಸಲ್ಲುತ್ತದೆ. ಮಗುವಿಗೂ ಅದನ್ನೇ ಬಳಸುವಾಗ ನಾಲಿಗೆ ಕೊಂಚ ತಡೆಯಬೇಕು. ಆದರೆ ತಡೆಯುವುದಿಲ್ಲ. ಇನ್ನು ಭೇಟಿಯೆಂದರೆ, ಸುಪರ್ದಿ ಸಿಗದ ತಂದೆ ಅಥವಾ ತಾಯಿಗೆ ನ್ಯಾಯಾಲಯ ಗೊತ್ತುಮಾಡಿಕೊಡುವ ಹೊತ್ತು.

ಸುಪರ್ದಿ ಹೋದವರು ಪಾಲಕತ್ವವೂ ಹೋಯಿತೆಂದು ಎದೆಗುಂದುತ್ತಾರೆ. ಸುಪರ್ದಿ ಸಿಕ್ಕವರು ಎಲ್ಲವೂ ತಮ್ಮದಾಯಿತೆಂದು ಬೀಗುತ್ತಾರೆ. ಎರಡೂ ತಪ್ಪು. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆ ತಂದೆಯನ್ನು, ಆತನ 'ಅನಂತರ' ತಾಯಿಯನ್ನು, ಸಹಜ ಪಾಲಕರೆಂದು ಕರೆಯಿತು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆಂದೂ ಹೇಳಿತು. ಎಂದರೆ ಮಗು ತಾಯಿಯ ತೊಡೆಯ ಮೇಲಿದ್ದಾಗಲೂ ತಂದೆಯ ಪಾಲಕತ್ವ ಅಳಿಯಲಿಲ್ಲ. ಮುಸ್ಲಿಂ ಕಾನೂನಿನಲ್ಲಿಯೂ ಈ ಭೇದ ಬಹು ಹಳೆಯದು. ಹನಫಿ ಪಂಥದ ಪ್ರಕಾರ ಗಂಡುಮಗು ಏಳು ವರ್ಷದವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಹತ್ತಿರ ಇರುತ್ತದೆ. ಅದು ತಾಯಿಯ 'ಹಿಜಾನತ್'. ಪಾಲಕ ಮಾತ್ರ ತಂದೆಯೇ. ಬಂದೇ ನವಾಜರ ಊರಾದ ಕಲಬುರಗಿಯ ನ್ಯಾಯಾಲಯಕ್ಕೆ ಈ ಎರಡು ದಾರಿಗಳಿಂದಲೂ ತಾಯಂದಿರು ಬರುತ್ತಾರೆ. ಎರಡು ದಾರಿಗಳೂ ಕೂಡುವುದು 1890ರ ಒಂದು ಹಳೆಯ ಕಾಯಿದೆಯಲ್ಲಿ, ವಕೀಲರು ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್ ಎನ್ನುವುದರಲ್ಲಿ. ಮಗುವಿನ ಹಿತವೇನೆಂಬುದನ್ನು ನೋಡಿ ತೀರ್ಮಾನಿಸತಕ್ಕದ್ದೆಂದು ಅದು ಹೇಳುತ್ತದೆ. ಬುದ್ಧಿ ಬಂದ ಮಗುವಾದರೆ ಅದರ ಇಷ್ಟವನ್ನೂ ಪರಿಗಣಿಸಬಹುದು ಎನ್ನುತ್ತದೆ.

'ಅನಂತರ' ಎಂಬ ಒಂದು ಪದದ ಮೇಲೆ ನಮ್ಮ ದೇಶದಲ್ಲಿ ಒಂದು ದೊಡ್ಡ ಮೊಕದ್ದಮೆಯೇ ನಡೆಯಿತು. ಅದನ್ನು ನಡೆಸಿದವರು ಒಬ್ಬ ಸಾಹಿತಿ, ಕಾದಂಬರಿಗಾರ್ತಿ ಗೀತಾ ಹರಿಹರನ್. 1984ರಲ್ಲಿ ತಮ್ಮ ಚಿಕ್ಕ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡು ಕೊಳ್ಳಲು ಹೋದಾಗ, ತಂದೆಯ ಸಹಿ ಬೇಕೆಂದು ಅರ್ಜಿ ಹಿಂದಕ್ಕೆ ಬಂದಿತು. ತಾಯಿಯೇ ಪಾಲಕಳಾಗಿರಲೆಂದು ತಂದೆಯೇ ಒಪ್ಪಿದ್ದ ಪ್ರಸಂಗ ಅದು. ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ತೀರ್ಪಿತ್ತು, 'ಅನಂತರ' ಎಂದರೆ ತಂದೆ ಸತ್ತ ಮೇಲೆ ಎಂದಲ್ಲ, ತಂದೆಯ ಅನುಪಸ್ಥಿತಿಯಲ್ಲಿ ಎಂದು ಅರ್ಥಮಾಡಿತು. ತಂದೆ ಬದುಕಿದ್ದೂ ಮಗುವಿನ ಯೋಗಕ್ಷೇಮಕ್ಕೆ ಕೈಹಾಕದೆ ಇದ್ದರೆ ಅದೂ ಅನುಪಸ್ಥಿತಿಯೇ. ನಿಘಂಟು ಕೊಡಲಾರದ ಅರ್ಥವನ್ನು ನ್ಯಾಯಾಧೀಶರು ಒಂದು ಪದಕ್ಕೆ ಕೊಟ್ಟ ಈ ಸಂಗತಿ ಭಾಷೆಯಲ್ಲಿ ಆಸಕ್ತಿಯುಳ್ಳವರಿಗೆ ಸೊಗಸೆನಿಸೀತು.

ಸಾಹಿತಿಗಳಿಗೂ ಈ ಕಾನೂನಿಗೂ ನಂಟು ಇನ್ನೂ ಹಳೆಯದು. ಕ್ಯಾರೊಲಿನ್ ನಾರ್ಟನ್ ಎಂಬ ಇಂಗ್ಲಿಷ್ ಲೇಖಕಿಯ ಮೂರು ಗಂಡುಮಕ್ಕಳನ್ನು ಆಕೆಯ ಗಂಡ 1836ರಲ್ಲಿ ಕಸಿದುಕೊಂಡ. ಆಗಿನ ಇಂಗ್ಲೆಂಡಿನ ಕಾನೂನಿನಲ್ಲಿ ಮಕ್ಕಳ ಮೇಲೆ ತಾಯಿಗೆ ಯಾವ ಹಕ್ಕೂ ಇರಲಿಲ್ಲ. ಎಳೆಗೂಸನ್ನು ಸಹ ತಂದೆ ಕಿತ್ತುಕೊಂಡು ಹೋಗಬಹುದಾಗಿತ್ತು. ಆಕೆ ಅತ್ತು ಕೂರಲಿಲ್ಲ. ಕೈಲಿದ್ದದ್ದು ಲೇಖನಿ, ಪುಸ್ತಿಕೆಗಳನ್ನು ಬರೆದು ಪಾರ್ಲಿಮೆಂಟಿನ ಸದಸ್ಯರಿಗೆ ಮುಟ್ಟಿಸಿದಳು. 1839ರಲ್ಲಿ ಕಾಯಿದೆ ಬಂದಿತು. ಏಳು ವರ್ಷದೊಳಗಿನ ಮಕ್ಕಳ ಸುಪರ್ದಿಯನ್ನೂ ದೊಡ್ಡ ಮಕ್ಕಳ ಭೇಟಿಯನ್ನೂ ತಾಯಿ ನ್ಯಾಯಾಲಯದಲ್ಲಿ ಬೇಡಬಹುದೆಂದು ಅದು ಮೊದಲ ಬಾರಿಗೆ ಹೇಳಿತು. ನಮ್ಮ 1956ರ ಕಾಯಿದೆಯ ಐದು ವರ್ಷದ ಮಾತಿಗೆ ದೂರದ ಪೂರ್ವಜ ಇದು. ಆದರೆ ಗಂಡ ಮಕ್ಕಳನ್ನು ಸ್ಕಾಟ್ಲೆಂಡಿಗೆ ಸಾಗಿಸಿಬಿಟ್ಟಿದ್ದ. ಇಂಗ್ಲೆಂಡಿನ ಕಾಯಿದೆ ಅಲ್ಲಿ ನಡೆಯುತ್ತಿರಲಿಲ್ಲ. 1842ರಲ್ಲಿ ಕಿರಿಯ ಮಗ ಕುದುರೆಯಿಂದ ಬಿದ್ದು ತೀರಿಕೊಂಡ. ಸುದ್ದಿ ತಿಳಿದು ತಾಯಿ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಉಳಿದಿಬ್ಬರನ್ನು ತಾಯಿಯ ಬಳಿಗೆ ಹೋಗಿಬರಲು ಗಂಡ ಬಿಟ್ಟದ್ದು ಆಮೇಲೆ. ಸಾವಿರಾರು ತಾಯಂದಿರಿಗೆ ಬಾಗಿಲು ತೆರೆಸಿದ ಕಾಯಿದೆ ಆಕೆಗೆ ಮಾತ್ರ ಹೊತ್ತಿಗೆ ಒದಗಲಿಲ್ಲ.

ಮತ್ತೊಂದು ಹೆಸರು ತಮಗೆ ಪರಿಚಿತವಾದದ್ದು, ಆನಿ ಬೆಸೆಂಟ್. ಪಾದ್ರಿಯಾದ ಗಂಡನಿಂದ 1873ರಲ್ಲಿ ಬೇರೆಯಾದಾಗ ಮಗ ತಂದೆಗೆ, ಮಗಳು ತಾಯಿಗೆ ಎಂದು ಕರಾರಾಗಿತ್ತು. ಆಕೆ ನಾಸ್ತಿಕಳೆಂದೂ ಸಂತಾನ ನಿಯಂತ್ರಣದ ಪುಸ್ತಕ ಪ್ರಕಟಿಸಿದಳೆಂದೂ ಕಾರಣ ಹೇಳಿ 1878ರಲ್ಲಿ ನ್ಯಾಯಾಲಯ ಆ ಮಗಳನ್ನೂ ತೆಗೆದುಕೊಂಡಿತು. ಮೇಲ್ಮನವಿಯಲ್ಲಿ ಮಗಳು ಹಿಂದಿರುಗಲಿಲ್ಲ, ಭೇಟಿಯ ಹಕ್ಕು ಮಾತ್ರ ಸಿಕ್ಕಿತು. ಆ ಭೇಟಿಗಳಿಂದ ಮಗುವಿನ ಮನಸ್ಸು ಕದಡುವುದನ್ನು ಕಂಡು, ಮಕ್ಕಳು ತಾವೇ ಅರಿತು ನಿರ್ಧರಿಸುವವರೆಗೆ ನೋಡುವುದೂ ಬೇಡ, ಬರೆಯುವುದೂ ಬೇಡ ಎಂದು ತಾನಾಗಿ ಹಿಂದೆ ಸರಿದಳು. ದೊಡ್ಡವರಾದ ಮೇಲೆ ಇಬ್ಬರು ಮಕ್ಕಳೂ ಆಕೆಯ ಬಳಿಗೆ ಬಂದರು. ಬಂದರೆಂದು ಆಕೆ ಮಾಡಿದ್ದು ಸರಿಯೆನ್ನಲು ನನಗೆ ಧೈರ್ಯವಿಲ್ಲ. ಬಾರದೆ ಹೋದವರ ಕಥೆಯನ್ನು ಯಾರೂ ಆತ್ಮಕಥೆಯಾಗಿ ಅಚ್ಚು ಹಾಕಿಸುವುದಿಲ್ಲವಲ್ಲ.

ವಿಧಿಯ ವಿನೋದ ನೋಡಿ. ಅದೇ ಆನಿ ಬೆಸೆಂಟ್ ಮುಂದೆ ಮದರಾಸಿನಲ್ಲಿ, ಮಕ್ಕಳನ್ನು ಹಿಂದಕ್ಕೆ ಕೊಡಿರೆಂದು ಕೇಳುವ ಒಬ್ಬ ತಂದೆಯ ಎದುರಿಗೆ ಪ್ರತಿವಾದಿಯಾಗಿ ನಿಂತಳು. ಆ ಮಕ್ಕಳು ಜಿಡ್ಡು ಕೃಷ್ಣಮೂರ್ತಿ ಮತ್ತು ತಮ್ಮ ನಿತ್ಯಾನಂದ. ತಂದೆ ನಾರಾಯಣಯ್ಯ 1910ರಲ್ಲಿ ಒಪ್ಪಿಸಿದ್ದ ಮಕ್ಕಳನ್ನು 1912ರಲ್ಲಿ ದಾವೆ ಹೂಡಿ ಕೇಳಿದ. ಮದರಾಸು ಹೈಕೋರ್ಟು 1913ರಲ್ಲಿ ತಂದೆಯ ಪರವಾಗಿ ಹೇಳಿತು. 1914ರಲ್ಲಿ ಪ್ರಿವಿ ಕೌನ್ಸಿಲ್ ಅದನ್ನು ತಳ್ಳಿಹಾಕಿತು. ಕಾರಣವೇನು? ಆಗ ಮಕ್ಕಳು ಇಂಗ್ಲೆಂಡಿನಲ್ಲಿ ಓದುತ್ತಿದ್ದರು, ದಾವೆ ಹೂಡಿದ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಅವರು ಸಾಮಾನ್ಯವಾಗಿ ವಾಸಿಸುತ್ತಿರಲಿಲ್ಲ. ಮೇಲಾಗಿ ಆ ಹುಡುಗರ ಮಾತನ್ನೇ ಯಾರೂ ಕೇಳಿರಲಿಲ್ಲ. 1890ರ ಅದೇ ಕಾಯಿದೆ ಇಂದಿಗೂ ಇದೆ, ಆ ಷರತ್ತೂ ಇದೆ: ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳದ ಮೇಲೆ ಅಧಿಕಾರವುಳ್ಳ ನ್ಯಾಯಾಲಯದಲ್ಲಿಯೇ ಅರ್ಜಿ ಹಾಕಬೇಕು. ನಮ್ಮ ಜಿಲ್ಲೆಯಿಂದ ಒಂದು ರಾತ್ರಿಯ ಪ್ರಯಾಣದೊಳಗೆ ಸೊಲ್ಲಾಪುರವಿದೆ, ಹೈದರಾಬಾದಿದೆ. ಮಗುವನ್ನು ಎತ್ತಿಕೊಂಡು ಗಡಿ ದಾಟಿ, ಅಲ್ಲಿನ ಶಾಲೆಗೆ ಸೇರಿಸಿ, 'ಇದೇ ಇದರ ವಾಸಸ್ಥಳ' ಎನ್ನುವ ಹಟ ನಾರ್ಟನ್ನನ ಸ್ಕಾಟ್ಲೆಂಡಿನಷ್ಟೇ ಹಳೆಯದು.

ಕನ್ನಡದ ಓದುಗರಿಗೆ ಇಷ್ಟು ಹೊತ್ತಿಗೆ ಕಾತ್ಯಾಯಿನಿಯ ನೆನಪಾಗಿರಬೇಕು. 1965ರಲ್ಲಿ ಬಂದ ಭೈರಪ್ಪನವರ 'ವಂಶವೃಕ್ಷ'ದಲ್ಲಿ, ಮರುಮದುವೆಯಾದ ಕಾತ್ಯಾಯಿನಿ ಮಗನನ್ನು ಕರೆದೊಯ್ಯಲು ನಂಜನಗೂಡಿನ ಮಾವನ ಮನೆಗೆ ಹೋಗಿ ಬರಿಗೈಯಲ್ಲಿ ಮರಳುತ್ತಾಳೆ. ಅಲ್ಲಿ ಪ್ರಶ್ನೆ ನ್ಯಾಯಾಲಯದಲ್ಲಿ ತೀರ್ಮಾನವಾಗುವುದಿಲ್ಲ. ಮಗು ವಂಶದ್ದೋ ಹೆತ್ತವಳದ್ದೋ ಎಂಬ ಬೇರೆಯೇ ತಕ್ಕಡಿಯಲ್ಲಿ ತೂಗುತ್ತದೆ. ಕಾನೂನು ಆ ತಕ್ಕಡಿಯನ್ನು ಕೆಳಗಿಟ್ಟಿದೆ. ತಾಯಿ ಮರುಮದುವೆಯಾದಳೆಂಬುದೊಂದೇ ಸುಪರ್ದಿಯನ್ನು ನಿರಾಕರಿಸಲು ಸಾಕಾದ ಕಾರಣವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಹೇಳಿತು. ಕಾನೂನು ಕೆಳಗಿಟ್ಟದ್ದನ್ನು ಮನೆಯ ಹಿರಿಯರು ಎತ್ತಿ ಹಿಡಿದಿರುತ್ತಾರೆ, ಅದು ಬೇರೆ ಮಾತು. ಕಮಲಾಪುರದ ಬಾಗಿಲಲ್ಲಿ ನಿಂತ ಆ ಮುತ್ಯಾನಿಗೂ ಮೊಮ್ಮಗ ತನ್ನ ಮನೆಯವನು. ನನಗೆ ಅವನ ಮೇಲೆ ಕೋಪವಿಲ್ಲ.

ಹಾಗಾದರೆ ಮಗು ಯಾರದು? 1973ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಇದಕ್ಕೆ ಉತ್ತರ ಹೇಳಿದೆ: ಮಕ್ಕಳು ತಂದೆತಾಯಿಗಳ ಸ್ವತ್ತೂ ಅಲ್ಲ, ಆಟಿಕೆಯೂ ಅಲ್ಲ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ನನ್ನ ದೃಷ್ಟಿಯಲ್ಲಿ ಅದರ ಬೆಲೆ ಹೆಚ್ಚು. ಸುಪರ್ದಿಯ ಆದೇಶಗಳು ಸ್ವಭಾವತಃ ಕೊನೆಯ ಮಾತಲ್ಲ, ಪರಿಸ್ಥಿತಿ ಬದಲಾದುದನ್ನು ತೋರಿಸಿದರೆ ಅವನ್ನೂ ಬದಲಿಸಬಹುದು. ಹೊಲದ ಮೊಕದ್ದಮೆ ಒಮ್ಮೆ ಫೈಸಲಾದರೆ ಮುಗಿಯಿತು. ಹೊಲ ಬೆಳೆಯುವುದಿಲ್ಲ, ಶಾಲೆಗೆ ಹೋಗುವುದಿಲ್ಲ, ಕನಸಿನಲ್ಲಿ ಬೆಚ್ಚುವುದಿಲ್ಲ. ಐದರಲ್ಲಿ ಹಿತವಾದದ್ದು ಹನ್ನೆರಡರಲ್ಲಿ ಹಿತವಲ್ಲದಿರಬಹುದು. ಆದ್ದರಿಂದ ಸೋತೆನೆಂದು ಕೂತವರೂ ಗೆದ್ದೆನೆಂದು ಮಲಗಿದವರೂ ಈ ಮಾತನ್ನು ತಿಳಿದಿರಬೇಕು.

ನಮ್ಮ ಉಚ್ಚ ನ್ಯಾಯಾಲಯವೇ 2013ರಲ್ಲಿ ಒಂದು ಹೊಸ ದಾರಿ ತೆಗೆಯಿತು. ಇಬ್ಬರು ನ್ಯಾಯಮೂರ್ತಿಗಳ ಪೀಠ ಒಬ್ಬ ಹುಡುಗನನ್ನು ಜನವರಿಯಿಂದ ಜೂನಿನವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರಿನವರೆಗೆ ತಾಯಿಯ ಬಳಿ ಇರಿಸಿತು. ಖರ್ಚು ಸಮಪಾಲು, ಮಗು ಒಬ್ಬರ ಬಳಿ ಇರುವಾಗ ಶನಿವಾರ ಭಾನುವಾರ ಇನ್ನೊಬ್ಬರ ಭೇಟಿ, ಜೊತೆಗೆ ದೂರವಾಣಿಯಲ್ಲಿ ಮಾತನಾಡುವ ಅವಕಾಶ. ಭಾರತದ ಕಾನೂನು ಆಯೋಗ 2015ರ ತನ್ನ 257ನೆಯ ವರದಿಯಲ್ಲಿ ಇದನ್ನು ಉದಾಹರಿಸಿ, ಜಂಟಿ ಸುಪರ್ದಿಗೆ ಕಾಯಿದೆಯಲ್ಲಿಯೇ ಸ್ಥಾನ ಕೊಡಬೇಕೆಂದು ಶಿಫಾರಸು ಮಾಡಿತು. ಆದರೆ ಒಂದೇ ಊರಿನ ಎರಡು ಬಡಾವಣೆಗಳಿಗೆ ಒಪ್ಪುವ ವ್ಯವಸ್ಥೆ ಕಲಬುರಗಿ-ಕಮಲಾಪುರಗಳಿಗೆ ಒಪ್ಪೀತೆ? ಆರು ತಿಂಗಳಿಗೊಮ್ಮೆ ಶಾಲೆ ಬದಲಿಸುವ ಹುಡುಗನಿಗೆ ಗೆಳೆಯರು ಯಾರು? ಎಲ್ಲರಿಗೂ ಜಂಟಿ ಸುಪರ್ದಿಯೇ ಮದ್ದೆಂದು ಹೇಳುವವರು ಮೊದಲು ಶಾಲೆಯ ವೇಳಾಪಟ್ಟಿ ನೋಡಲಿ.

ಭೇಟಿಯ ವಿಷಯದಲ್ಲಿ ಮಾತ್ರ ಸರ್ವೋಚ್ಚ ನ್ಯಾಯಾಲಯದ 2020ರ ಒಂದು ತೀರ್ಪು ಸಂಶಯಕ್ಕೆ ಎಡೆಗೊಡದಂತೆ ನುಡಿದಿದೆ. ತಂದೆ ತಾಯಿ ಇಬ್ಬರ ಪ್ರೀತಿಯನ್ನೂ ಪಡೆಯುವುದು ಮಗುವಿನ ಹಕ್ಕು. ಒಬ್ಬರ ಸುಪರ್ದಿಗೆ ಕೊಟ್ಟರೂ ಇನ್ನೊಬ್ಬರಿಗೆ ಭೇಟಿ ಸಿಗಬೇಕು, ತೀರ ಅಸಾಧಾರಣ ಸಂದರ್ಭದಲ್ಲಿ ಮಾತ್ರ ಅದನ್ನು ನಿರಾಕರಿಸಬಹುದು. ಭೇಟಿ ಸಾಧ್ಯವಿಲ್ಲದ ದಿನಗಳಲ್ಲಿ ದೂರವಾಣಿಯಾದರೂ, ಮುಖ ಕಾಣುವ ವೀಡಿಯೊ ಕರೆಯಾದರೂ ಇರಲಿ. ಹಕ್ಕು ಮಗುವಿನದು ಎಂಬಲ್ಲಿಯೇ ವಿಷಯದ ಕೀಲಿದೆ. ಭಾನುವಾರ ಬೆಳಿಗ್ಗೆ ಬಾಗಿಲು ಹಾಕಿದ ತಾಯಿ ಗಂಡನ ಹಕ್ಕನ್ನು ಕಸಿದೆನೆಂದುಕೊಳ್ಳುತ್ತಾಳೆ, ಹೋದದ್ದು ಮಗನದು. ಸಿಟ್ಟಿನಿಂದ ಹಣ ತಡೆದ ತಂದೆ ಹೆಂಡತಿಗೆ ಬುದ್ಧಿ ಕಲಿಸಿದೆನೆಂದುಕೊಳ್ಳುತ್ತಾನೆ. ಹಸಿದದ್ದು ಮಗನ ಹೊಟ್ಟೆ. ಜೀವನಾಂಶಕ್ಕೂ ಭೇಟಿಗೂ ಕಾನೂನಿನಲ್ಲಿ ಕೊಡುಕೊಳ್ಳುವ ಸಂಬಂಧವಿಲ್ಲ. ಮಗುವನ್ನು ತೋರಿಸಲಿಲ್ಲವೆಂದು ಹಣ ನಿಲ್ಲಿಸುವಂತಿಲ್ಲ, ಹಣ ಬರಲಿಲ್ಲವೆಂದು ಮಗುವನ್ನು ಬಚ್ಚಿಡುವಂತಿಲ್ಲ. ಎರಡಕ್ಕೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಉಪಾಯ. ಹೊಡೆತ ಬಡಿತ, ಕುಡಿತ, ಮಗುವಿಗೇ ಅಪಾಯವಿರುವ ಮನೆಗಳ ಮಾತು ಬೇರೆ. ಅಲ್ಲಿ ಬಾಗಿಲು ಹಾಕಬೇಕಾದದ್ದೇ. ಆದರೆ ಆ ಅಪಾಯವನ್ನು ನ್ಯಾಯಾಲಯದ ಮುಂದಿಟ್ಟು ಹಾಕಬೇಕು. ಆಗ ಮೂರನೆಯವರ ಎದುರಿನಲ್ಲಿ, ಗೊತ್ತಾದ ಸ್ಥಳದಲ್ಲಿ ಭೇಟಿಯಾಗುವಂತೆ ಆದೇಶ ಪಡೆಯಬಹುದು.

'ಹುಡುಗನೇ ಬರಂಗಿಲ್ಲ ಅಂತಾನ' ಎಂಬ ಮಾತಿಗೆ ಏನು ಹೇಳುವುದು? ಕೆಲವು ಸಲ ಅದು ನಿಜ. ಬಹಳ ಸಲ ಅದು ಹುಡುಗನ ಬಾಯಿಯಲ್ಲಿ ದೊಡ್ಡವರ ಮಾತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದ ಒಂದು ಪ್ರಕರಣದಲ್ಲಿ, ಎರಡು ವರ್ಷವೂ ತುಂಬದ ಹೆಣ್ಣುಮಗುವನ್ನು ತಂದೆ ಇಟ್ಟುಕೊಂಡು ಬೆಳೆಸಿದ್ದ. ಎಂಟು ವರ್ಷದ ಮಗಳಿಗೆ ತಾಯಿಯ ಹಂಬಲವೇ ಇರಲಿಲ್ಲ. ಹಂಬಲವಿಲ್ಲವೆಂದು ತಾಯಿಯನ್ನು ದೂರವಿಡದೆ, ತಾಯಿಯ ಒಡನಾಟವೇ ಸಿಗದ ಮಗು ಹೋಲಿಸಿ ನೋಡುವುದಾದರೂ ಹೇಗೆ ಎಂಬ ದಿಕ್ಕಿನಲ್ಲಿ ನ್ಯಾಯಾಲಯ ಯೋಚಿಸಿ, ಮಗುವನ್ನು ತಾಯಿಗೆ ಒಪ್ಪಿಸಿತು. ಕಾಲವನ್ನು ತಮ್ಮ ಕಡೆಗೆ ಎಳೆದುಕೊಂಡವರಿಗೆ ಕಾಲವೇ ಸಾಕ್ಷಿ ನುಡಿಯಬಾರದಲ್ಲವೆ?

ಇನ್ನು ನಮ್ಮ ಕಡೆಯ ಅನುಕೂಲಗಳ ಮಾತು. ಉಚ್ಚ ನ್ಯಾಯಾಲಯಕ್ಕೆ ಹೋಗಬೇಕಾದರೆ ಕಲಬುರಗಿಯವರು ಒಂದು ಕಾಲಕ್ಕೆ ಸುಮಾರು 600 ಕಿಲೋಮೀಟರು ದೂರದ ಬೆಂಗಳೂರಿಗೆ ಹೋಗಬೇಕಾಗಿತ್ತು. 2008ರಲ್ಲಿ ಸಂಚಾರಿ ಪೀಠ ಇಲ್ಲಿಗೆ ಬಂದಿತು, 2013ರಲ್ಲಿ ಅದು ಖಾಯಂ ಆಯಿತು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯ ಮೇರೆಗೆ ಮೊದಲು ರಾಜಿಗೆ ಪ್ರಯತ್ನಿಸುವುದು ನ್ಯಾಯಾಧೀಶರ ಕರ್ತವ್ಯ. ವಕೀಲರನ್ನು ಇಟ್ಟುಕೊಳ್ಳುವುದು ಅಲ್ಲಿ ಹಕ್ಕಲ್ಲ, ಅನುಮತಿಯ ವಿಷಯ. ಆದ್ದರಿಂದ ತಂದೆ ತಾಯಿಗಳೇ ಬಾಯಿಬಿಟ್ಟು ಮಾತನಾಡಬೇಕಾದೀತು. ಆ ಹೊತ್ತಿನಲ್ಲಿ 'ತಿಂಗಳಿಗೆ ಎರಡು ಸಲ ಭೇಟಿ' ಎಂದಷ್ಟೇ ಬರೆಸಿಕೊಂಡು ಬರುವುದು ಜಗಳವನ್ನು ಮನೆಗೆ ತಂದುಕೊಂಡಂತೆ. ಎಲ್ಲಿಂದ ಕರೆದೊಯ್ಯುವುದು, ಯಾರು ಮರಳಿ ಬಿಡುವುದು, ಜ್ವರ ಬಂದರೆ ಬದಲಿ ದಿನ ಯಾವುದು, ಬೇಸಿಗೆ ರಜೆಯ ಯಾವ ಅರ್ಧ ಯಾರಿಗೆ, ವಾರದಲ್ಲಿ ಯಾವ ಸಂಜೆ ದೂರವಾಣಿ, ಶಾಲೆಯ ಅಂಕಪಟ್ಟಿಯ ಪ್ರತಿ ಯಾರಿಗೆಲ್ಲ — ಇವಿಷ್ಟೂ ಕಾಗದದ ಮೇಲೆ ಬರಲಿ. ನಮ್ಮ ಪಂಚಾಂಗವೂ ಬರಲಿ. ನಾಗರ ಪಂಚಮಿಗೆ ಹುಡುಗ ಕಮಲಾಪುರದಲ್ಲಿ ಆಯಿಯ ಕೈಯ ಉಂಡಿ ತಿನ್ನಲಿ, ಹೋಳಿಯ ನಂತರ ಶರಣಬಸವೇಶ್ವರರ ತೇರಿನ ದಿನ ಕಲಬುರಗಿಯಲ್ಲಿ ಅಪ್ಪನ ಹೆಗಲೇರಲಿ. ನ್ಯಾಯಾಧೀಶರಿಗೆ ಇವೆಲ್ಲ ತಾನಾಗಿ ತೋಚಲಾರವು, ಕೇಳಿದವರಿಗೆ ಬರೆದುಕೊಡುತ್ತಾರೆ.

ಅಪ್ಪನ ಕೆರೆಯ ದಂಡೆಯಲ್ಲಿ, ಪಬ್ಲಿಕ್ ಗಾರ್ಡನ್ನಿನಲ್ಲಿ ಇಂಥ ಜೋಡಿಗಳನ್ನು ಭಾನುವಾರ ಗುರುತು ಹಿಡಿಯುವುದು ಕಷ್ಟವಲ್ಲ. ತಂದೆ ಬೇಕಾದ್ದಕ್ಕಿಂತ ಹೆಚ್ಚು ತಿನ್ನಿಸುತ್ತಿರುತ್ತಾನೆ, ಬೇಕಾದ್ದಕ್ಕಿಂತ ಹೆಚ್ಚು ನಗುತ್ತಿರುತ್ತಾನೆ, ನಡುನಡುವೆ ಗಡಿಯಾರ ನೋಡುತ್ತಿರುತ್ತಾನೆ. ಮಗು ಬಲೂನು ಹಿಡಿದು ಸುಮ್ಮನೆ ನಿಂತಿರುತ್ತದೆ. ಮನೆಯಲ್ಲಿರುವ ಅಪ್ಪ ಮಗನನ್ನು ಬೈಯಬಲ್ಲ, ಲೆಕ್ಕ ತಪ್ಪಿದರೆ ಕಿವಿ ಹಿಂಡಬಲ್ಲ. ಭಾನುವಾರದ ಅಪ್ಪನಿಗೆ ಅಷ್ಟು ಸಲಿಗೆಯೂ ಇಲ್ಲ. ಮುಂದಿನ ಸಲ ಬಾರದೆ ಹೋದರೆ ಎಂಬ ಅಂಜಿಕೆ ಅವನಿಗೆ.

ನಾನು ಒಮ್ಮೆ ಲೆಕ್ಕ ಹಾಕಿ ನೋಡಿದೆ. ಕಮಲಾಪುರದ ನಮ್ಮ ಹುಡುಗನಿಗೆ ಏಳು ವರ್ಷ. ಹದಿನೆಂಟು ತುಂಬಿದ ದಿನ ಸುಪರ್ದಿಯ ಆದೇಶಕ್ಕೆ ಬೆಲೆಯಿಲ್ಲ. ಅವನಿಗೆ ಅವನೇ ಯಜಮಾನ. ಅಲ್ಲಿಗೆ ಉಳಿದದ್ದು ಹನ್ನೊಂದು ವರ್ಷ. ತಿಂಗಳಿಗೆ ಎರಡರಂತೆ 264 ಭಾನುವಾರ, ಒಂದೊಂದಕ್ಕೆ ಏಳು ಗಂಟೆ. ಒಟ್ಟು 1848 ಗಂಟೆ. ಹಗಲು ರಾತ್ರಿ ಸೇರಿಸಿ ದಿನಗಳಾಗಿ ಮಾಡಿದರೆ 77 ದಿನ. ಒಬ್ಬ ತಂದೆಗೆ ತನ್ನ ಮಗ ದೊಡ್ಡವನಾಗುವುದನ್ನು ನೋಡಲು, ಒಬ್ಬ ಮಗನಿಗೆ ತನ್ನ ತಂದೆ ಎಂಥವನೆಂದು ತಿಳಿಯಲು ಸಿಕ್ಕಿದ್ದು ಇಷ್ಟು. ಅದರಲ್ಲಿ ನಾಲ್ಕು ಭಾನುವಾರ ಆಗಲೇ ಹೋದವು: ಜ್ವರಕ್ಕೊಂದು, ಮದುವೆಗೊಂದು, ಬಾರದ ಅಪ್ಪನಿಗೊಂದು, ಬಾಗಿಲಲ್ಲಿ ನಿಂತ ಮುತ್ಯಾನಿಗೊಂದು.